ಹಾಲಿನ ಜೊತೆ ನುಂಗಿದ ಗುಳಿಗೆ

ನನ್ನ ಕೆಲಸ ನೊಣ ಎಣಿಸುವುದು. ಹಣ್ಣಿನ ಮೇಲೆ ಕೂರುವ ಸಣ್ಣ ನೊಣಗಳನ್ನು ಗಾಜಿನ ಕೊಳವೆಯಲ್ಲಿಟ್ಟು, ಕೊಳವೆಯನ್ನು ಮೇಜಿಗೆ ತಟ್ಟಿ, ಹತ್ತು ಸೆಕೆಂಡಿನಲ್ಲಿ ಎಷ್ಟು ನೊಣ ಗೆರೆ ದಾಟಿ ಮೇಲೇರಿದವು ಎಂದು ಬರೆದುಕೊಳ್ಳುತ್ತೇನೆ. ಮಿದುಳಿನ ನರಕೋಶ ಸವೆದ ನೊಣಗಳು ಅರ್ಧಕ್ಕೇ ಜಾರಿ ಬೀಳುತ್ತವೆ. ನಾವು ಉಸಿರಾಡುವ ಆಮ್ಲಜನಕದಿಂದಲೇ ಜೀವಕೋಶದೊಳಗೆ ಆಗುವ ಹಾನಿ ಈ ನರಗಳನ್ನು ಹೇಗೆ ಕೊಲ್ಲುತ್ತದೆ ಎಂಬುದು ನನ್ನ ಸಂಶೋಧನೆ.

ಹೋದ ಬೇಸಿಗೆಯಲ್ಲಿ ಒಂದು ತಿಂಗಳ ರಜೆಗೆ ಬಸವಕಲ್ಯಾಣಕ್ಕೆ ಹೋದಾಗ ಇದನ್ನು ಮುತ್ಯಾನಿಗೆ, ಅಂದರೆ ತಾಯಿಯ ತಂದೆಗೆ, ವಿವರಿಸಿದೆ. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಎಂದೆ.

"ಅಂದ್ರ ನನ್ನ ತಲಿಗಿ ಜಂಗ ಹಿಡದದ ಅಂತೀ," ಎಂದು ಅವನು ನನ್ನ ಅಜ್ಜಿ ಆಯಿಯ ಕಡೆ ತಿರುಗಿದ. "ಕೇಳಿದೇನ? ಇಷ್ಟ ಓದಿ ಮಮ್ಮಗಳು ನೊಣ ಎಣಸಾಕತ್ತಾಳ."

"ನೀವು ಜಲಮ ಪೂರಾ ಎಮ್ಮಿ ಎಣಸೀರಲ್ರಿ, ನಾವೇನರ ಅಂದೇವೇನು?" ಎಂದಳು ಆಯಿ.

ಮುತ್ಯಾನಿಗೆ ಪಾರ್ಕಿನ್ಸನ್ ಕಾಯಿಲೆ. ಎಡಗೈ ನಡುಗುತ್ತದೆ. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಅವನು ಎಂದೂ ಉಂಡವನಲ್ಲ. ಒಮ್ಮೆ ಲಿಂಗ ಜಾರಿ ತೊಡೆಯ ಮೇಲೆ ಬಿದ್ದಿತ್ತಂತೆ. ಅಂದಿನಿಂದ ಕರಡಿಗೆ ಬಿಚ್ಚದೆ, ಮೇಲಿಂದಲೇ ವಿಭೂತಿ ಹಚ್ಚಿ ಕಣ್ಣು ಮುಚ್ಚುತ್ತಿದ್ದ.

"ಕೈಯಾಗ ಹಿಡಿಬೇಕು ಅನಸಂಗಿಲ್ಲೇನು ಮುತ್ಯಾ?"

"ಅನಸತದ ಅವ್ವಾ. ಮತ್ತ ಬೀಳಸಿದ್ರ?"

ಅದು ರಜೆಯ ಮೂರನೆಯ ದಿನ. ಅಂದೇ ನೋಟ್‌ಬುಕ್ ತೆರೆದು ಗೆರೆ ಹಾಕಿದೆ: ನಡುಕ ತಗ್ಗಿಸುವ ಗುಳಿಗೆ ನುಂಗಿದ ಹೊತ್ತು, ಕೈ ಸುಮ್ಮನಾದ ಹೊತ್ತು, ನಡುಕ ಮರಳಿದ ಹೊತ್ತು. ಹನ್ನೆರಡು ದಿನ ಬರೆದೆ. ಮಧ್ಯಾಹ್ನದ ಗುಳಿಗೆ ಹತ್ತು ದಿನ ಚೆನ್ನಾಗಿ ಹಿಡಿದಿತ್ತು, ಬೆಳಗಿನದು ಎರಡೇ ದಿನ. ಗುಳಿಗೆ ಅದೇ, ಕೈ ಅದೇ. ನನಗೆ ಕಾರಣ ಹೊಳೆಯಲಿಲ್ಲ.

ಮರುದಿನ ಮೂವರೂ ಬಸ್ಸು ಹಿಡಿದು ಹುಮನಾಬಾದಿಗೆ, ಅವನನ್ನು ನೋಡುವ ಡಾಕ್ಟರ ಬಳಿ ಹೋದೆವು. ಅವರು ನನ್ನ ಪುಟಗಳನ್ನು ನಿಧಾನವಾಗಿ ತಿರುವಿದರು.

"ಭಾಳ ಛಂದ ಬರದೀರಿ. ಗುಳಗಿ ಯಾತರ ಜೋಡಿ ನುಂಗತಾರ?"

ಆ ಕಾಲಂ ನನ್ನ ಬಳಿ ಇರಲಿಲ್ಲ. ನೊಣ ಏನು ತಿಂದಿತು ಎಂದು ದಿನವೂ ಬರೆಯುವವಳು ನಾನು.

ಆಯಿ ಹಿಗ್ಗಿನಿಂದ ಹೇಳಿದಳು, "ಮುಂಜಾನೆ ಒಂದ್ ಗಿಲಾಸ ಎಮ್ಮಿ ಹಾಲ ಕೊಡತೀನ್ರಿ. ಪೂಜಿ ಆಗೂತನಕ ಏನೂ ತಿನ್ನಂಗಿಲ್ಲ ಅವರು. ಖಾಲಿ ಹೊಟ್ಟ್ಯಾಗ ಗುಳಗಿ ಗರಂ ಆಗತಾವಲ್ರಿ. ಮಧ್ಯಾಹ್ನ ನಾ ಮಲಗಿರ್ತೀನಿ, ಅವರ ನೀರ ಕುಡದು ನುಂಗತಾರ."

ಹಾಲಿನ ಪ್ರೋಟೀನು ಈ ಔಷಧಿಯನ್ನು ಮಿದುಳಿಗೆ ಹೋಗಲು ಬಿಡದೆ ಅಡ್ಡ ನಿಲ್ಲುತ್ತದೆ ಎಂದು ಡಾಕ್ಟರು ತಿಳಿಸಿದರು. ನೀರಿನ ಜೊತೆ ನುಂಗಲಿ, ಹಾಲು ಒಂದು ತಾಸು ಬಿಟ್ಟು ಕೊಡಿ ಎಂದರು.

ಬಸ್ಸಿನಲ್ಲಿ ಆಯಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅರ್ಧ ದಾರಿಯಲ್ಲಿ ನನ್ನ ಕಡೆ ತಿರುಗಿದಳು. "ಎರಡ ವರ್ಷ ಆತು. ನಾನೇ ನನ್ನ ಕೈಲೆ ಕೆಡಿಸಿದೆ."

"ನಾ ಕೇಳಬೇಕಿತ್ತು ಆಯಿ. ಎಲ್ಲಾ ಬರದೆ, ಅದೊಂದು ಕೇಳಲಿಲ್ಲ," ಎಂದೆ.

ಮುತ್ಯಾ ನಡುವೆ ಬಂದ. "ಎರಡ ವರ್ಷ ಕೆನಿಹಾಲ ಕುಡದೀನಿ. ನನಗೇನ್ ಲುಕ್ಸಾನ ಆಗೇದ?" ಆಯಿಗೆ ನಗು ಬರಲಿಲ್ಲ. ಅವನು ನಡುಗುವ ಕೈಯನ್ನೇ ಅವಳ ಕೈಯ ಮೇಲೆ ಇಟ್ಟ. ಊರು ಬರುವ ತನಕ ಎರಡೂ ಕೈ ಸಣ್ಣಗೆ ಅಲುಗುತ್ತಿದ್ದವು.

ಮರುದಿನದಿಂದ ಆಯಿ ಬೆಳಿಗ್ಗೆ ತಂಬಿಗೆಯಲ್ಲಿ ನೀರು ತಂದು ಕೊಡತೊಡಗಿದಳು. "ಬರಕೋ ಅವ್ವಾ, ನೀರು," ಎಂದು ದಿನವೂ ನನಗೆ ಹೇಳಿಯೇ ಒಳಗೆ ಹೋಗುತ್ತಿದ್ದಳು. ಐದು ಬೆಳಿಗ್ಗೆಗಳಲ್ಲಿ ನಾಲ್ಕು ಚೆನ್ನಾಗಿ ಹೋದವು.

ಆರನೆಯ ದಿನ ಮುತ್ಯಾ ಕರಡಿಗೆ ಬಿಚ್ಚಿದ. ಆಯಿ ಎದುರಿಗೆ ಕೂತು, ಅವನ ಕೈಯ ಕೆಳಗೆ ಒಂದು ಗೇಣು ಬಿಟ್ಟು ತನ್ನ ಎರಡೂ ಅಂಗೈ ಒಡ್ಡಿದಳು. ಸತ್ತ ನರಕೋಶ ಮರಳುವುದಿಲ್ಲ, ಗುಳಿಗೆ ಅವುಗಳ ಕೊರತೆಯನ್ನು ಸ್ವಲ್ಪ ಹೊತ್ತು ತುಂಬುತ್ತದೆ ಅಷ್ಟೆ ಎಂದು ನನಗೆ ಗೊತ್ತಿತ್ತು. ಅವನ ಕಿರುಬೆರಳು ಇನ್ನೂ ನಡುಗುತ್ತಿತ್ತು. ಲಿಂಗ ಮಾತ್ರ ಅಂಗೈಯಲ್ಲಿ ಕದಲದೆ ಇತ್ತು. ಹನ್ನೊಂದು ನಿಮಿಷ.

ಲಿಂಗವನ್ನು ತಾನೇ ಕರಡಿಗೆಯಲ್ಲಿಟ್ಟು ಕಣ್ಣೊರೆಸಿಕೊಂಡ. "ಈಗರ ನನ್ನ ಹಾಲ ಕೊಡತೀ, ಇಲ್ಲೋ?"

ಆಯಿ ಒಡ್ಡಿದ್ದ ಕೈಗಳನ್ನು ಆಗಷ್ಟೇ ಮಡಿಲಿಗೆ ಇಳಿಸಿದ್ದಳು. ನನ್ನ ಕಡೆ ನೋಡಿದಳು.

"ಗಡಿಯಾರ ನೋಡವ್ವಾ. ತಾಸ ಆತೇನು?"

ಆಗಿತ್ತು. ಅವಳು ಎದ್ದು ಹಾಲು ಕಾಯಿಸಲು ಹೋದಳು.