ಗುಜರಿ ಕಾಟಾದ ಮೇಲೆ ಇಬ್ಬರು

ಆ ದಿನ ನಾನು ಮತ್ತು ಅಣ್ಣ ಹುಮನಾಬಾದಿನ ಗುಜರಿ ಅಂಗಡಿಯ ಕಾಟಾದ ಮೇಲೆ ನಿಂತಿದ್ದೆವು. ಹಳೆ ಕಬ್ಬಿಣ, ರದ್ದಿ ಪೇಪರು ತೂಗುವ ಕಾಟಾ ಅದು. ನನ್ನ ಹೆಗಲಿಗೆ ಲಸಿಕೆಯ ಐಸ್ ಡಬ್ಬಿ ಬೇರೆ.

“ಒಬ್ಬೊಬ್ಬರು ನಿಂದರ್ರಿ,” ಎಂದ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್.

“ಯಾಕ? ಗಾಡಿ ಮ್ಯಾಲ ಇಬ್ಬರೂ ಕೂಡೇ ಕುಂದರತೀವಿ. ಕೂಡೇ ತೂಗು,” ಎಂದ ಅಣ್ಣ.

ನೂರಾ ಮೂವತ್ತೇಳು ಕಿಲೊ ಬಂತು. ಮೆಕ್ಯಾನಿಕ್ ಗ್ಯಾರೇಜಿನ ಶಟರಿನ ಮೇಲೆ ಸೀಮೆಸುಣ್ಣದಿಂದ ಅದನ್ನು ಬರೆದುಕೊಂಡ.

“ಅದರಾಗ ನಂದು ಎಪ್ಪತ್ತೈದು. ಉಳಿದದ್ದೆಲ್ಲ ಈಕೀದು,” ಎಂದ ಅಣ್ಣ.

“ಮುಂಜಾನೆ ಆರು ರೊಟ್ಟಿ ತಿಂದವ ಯಾರು?”

“ನಾಕು ನಾ ತಿಂದೆ. ಎರಡು ನಿನ್ನ ಐಸ್ ಡಬ್ಬಿ ತಿಂತು.”

ಈ ತೂಕವೆಲ್ಲ ಅಣ್ಣನ ಹಳೆಯ ಬೈಕಿಗಾಗಿ. ಕಲ್ಲು ಮಣ್ಣಿನ ದಾರಿಗೆಂದೇ ಮಾಡಿದ ಎತ್ತರದ ಬೈಕದು. ನಮ್ಮದು ಬಸವಕಲ್ಯಾಣದ ಕಡೆಯ ಕುರಿ ಸಾಕುವ ಮನೆತನ. ನಾನು ಕುರಿಗಳಿಗೆ ಲಸಿಕೆ, ಜಂತಿನ ಔಷಧ ಹಾಕುವ ಕೆಲಸ ಮಾಡುತ್ತೇನೆ. ಕುರಿಗಾರರು ಗೊಬ್ಬರಕ್ಕೆಂದು ಕಂಡವರ ಹೊಲದಲ್ಲಿ ಹಿಂಡು ತರುಬಿ ನಿಲ್ಲಿಸುತ್ತಾರೆ. ಇಂದು ಕೊಡಂಬಲದಲ್ಲಿದ್ದರೆ ನಾಲ್ಕು ದಿನಕ್ಕೆ ಗೋರ್ಟಾ ಕಡೆ. ಅಲ್ಲಿಗೆ ಬಸ್ಸಿಲ್ಲ, ಎಷ್ಟೋ ಕಡೆ ರಸ್ತೆಯೂ ಇಲ್ಲ. ಅಣ್ಣನೇ ನನ್ನನ್ನು ಹಿಂದೆ ಕೂರಿಸಿಕೊಂಡು ಒಯ್ಯುತ್ತಿದ್ದ. ಹೊಲ ಖಾಲಿ ಇದ್ದರೆ ಇಳಿದು, “ಈಗ ನೀ ಓಡಸು,” ಎನ್ನುತ್ತಿದ್ದ. ಹಾಗೆಯೇ ನಾನು ಕಲಿತದ್ದು.

ಬೈಕಿನ ಮುಂದಿನ ಗಾಲಿಯನ್ನು ಹಿಡಿದು ಕುಲುಕು ತಡೆಯುವ ಜೋಡಿ ಕೊಳವೆ, ಫೋರ್ಕ್, ಮಾತ್ರ ಮುಪ್ಪಾಗಿತ್ತು. ಎಣ್ಣೆ ಸೋರುತ್ತಿತ್ತು. ಎರೆಹೊಲದ ಗಾಲಿಜಾಡಿನಲ್ಲಿ ಇಳಿದರೆ ಮೂಗು ನೆಲಕ್ಕೆ ತಾಗಿಸಿಬಿಡುತ್ತಿತ್ತು. ಅದೇ ಗುಜರಿ ಅಂಗಡಿಯಲ್ಲಿ ಅಣ್ಣನಿಗೆ ಹೊಸ ಮಾದರಿಯ ಬೈಕೊಂದರ ದಪ್ಪ ಫೋರ್ಕ್ ಸಿಕ್ಕಿತು. ಅದರ ಎರಡೂ ಕೊಳವೆಯೊಳಗೆ, ಸ್ಪ್ರಿಂಗಿನ ಮೇಲೆ, ಒಂದೊಂದು ಪೈಪಿನ ತುಂಡು ಕೂರುತ್ತದೆ. ಕೂರುವವರ ತೂಕ ಹೆಚ್ಚಿದಷ್ಟೂ ತುಂಡು ಉದ್ದ ಬೇಕು. ಮೆಕ್ಯಾನಿಕ್ ನೀರಿನ ಬಿಳಿ ಪೈಪಿನಿಂದ ಎರಡು ತುಂಡು ಕೊಯ್ದ. “ಶನಿವಾರ ಬರ್ರಿ, ಗಾಡಿ ತಯಾರ ಇರತದ,” ಎಂದ. ನಾವು ಮಾಣಿಕನಗರದಲ್ಲಿ ಬಿಸಿ ಭಜಿ ತಿಂದು ಬಸ್ ಹಿಡಿದೆವು. ಒಂದೇ ಸೀಟು ಸಿಕ್ಕಿತ್ತು. ಅಣ್ಣ ಕೂತು ನಿದ್ದೆ ಹೋದ, ನಾನು ಊರತನಕ ನಿಂತೇ ಬಂದೆ.

ಮರುದಿನ ಬೆಳಿಗ್ಗೆ ಅಣ್ಣನಿಗೆ ಎದೆ ನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ಎರಡು ತಿಂಗಳು ಬೈಕು ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಹಾಗೆಯೇ ಇತ್ತು. ಅಪ್ಪ ತೀರಿಕೊಂಡ ನಂತರ ಮನೆಗೆ ಹಿರಿಯರು ಅಪ್ಪನ ತಮ್ಮ, ನಮ್ಮ ಕಾಕಾ. ಅವರು ಬೈಕಿಗೆ ಒಬ್ಬ ಗಿರಾಕಿಯನ್ನು ಹುಡುಕಿದರು.

“ನಾನೇ ಓಡಸ್ತೀನಿ ಕಾಕಾ,” ಎಂದೆ.

“ಆ ಒಂಟೆಯಂಥಾ ಗಾಡಿ ಮ್ಯಾಲ ನೀ ಹ್ಯಾಂಗ ಏರತಿ? ನಿಚ್ಚಣಿಕಿ ಬೇಕು.”

ಅಣ್ಣ ಹೋದ ಮೇಲೆ ಕೆಲಸಕ್ಕೆ ಒಯ್ಯುತ್ತಿದ್ದ ನನ್ನ ಸ್ಕೂಟಿ ಆಗಲೇ ಎರಡು ಸಲ ಎರೆಮಣ್ಣಿನಲ್ಲಿ ಹೂತು, ಕುರಿಗಾರರು ನಗುತ್ತ ಎತ್ತಿ ಕೊಟ್ಟಿದ್ದರು. ಈ ಬೈಕು ಹೋದರೆ ಹಿಂಡುಗಳ ಕಡೆ ಹೋಗುವ ನನ್ನ ಕೆಲಸವೂ ಹೋಗುತ್ತಿತ್ತು. ಅದನ್ನೇ ಹೇಳಿದೆ. ಕಾಕಾ, “ನನ್ನ ಎದುರಿಗೆ ಓಡಿಸಿ ತೋರಸು. ಆಗಲಿಲ್ಲಂದ್ರ ಕೊಟ್ಟುಬಿಡತೀನಿ,” ಎಂದರು.

ಇಬ್ಬರೂ ಹುಮನಾಬಾದಿಗೆ ಹೋದೆವು. ನಾವು ಬರುವುದು ತಿಳಿದು ಮೆಕ್ಯಾನಿಕ್ ಫೋರ್ಕ್ ಕೂಡಿಸಿ ಇಟ್ಟಿದ್ದ. ಹ್ಯಾಂಡಲ್ ತಿರುಗಿಸುವ ನಡುಗಂಬಿ ಹೊಸ ಫೋರ್ಕಿನದು ಹಳೆಯ ಬೈಕಿಗೆ ಹೊಂದದೆ, ಹಳೆಯ ಕಂಬಿಯನ್ನೇ ಪ್ರೆಸ್ ಯಂತ್ರದಲ್ಲಿ ಅದಕ್ಕೆ ಒತ್ತಿ ಹಾಕಿದ್ದನಂತೆ. ನೋಡಲು ಚೆನ್ನಾಗಿತ್ತು. ಏರಿ ಕೂತರೆ ಮುಂಭಾಗ ಒಂದಿಷ್ಟೂ ತಗ್ಗಲಿಲ್ಲ. ನನ್ನ ಕಾಲೆರಡೂ ಗಾಳಿಯಲ್ಲಿ. ಕಾಕಾ ಕೆಮ್ಮಿದರು.

“ಇದು ಇಬ್ಬರ ವಜನಕ್ಕ ಮಾಡಿದ್ದು ಅಕ್ಕಾ, ಒಬ್ಬರಿಗೆ ಬಾಗಂಗಿಲ್ಲ. ನಿಮ್ಮ ವಜನ ಎಷ್ಟು?” ಎಂದ ಮೆಕ್ಯಾನಿಕ್.

ಗ್ಯಾರೇಜಿನಲ್ಲಿ ಮತ್ತೆ ನಾಲ್ಕು ಗಂಡಸರಿದ್ದರು. ಬಾಯಿ ಬಿಡಲು ನಾಚಿಕೆಯಾಗಿ, ಮೊದಲಿನಂತೆಯೇ ಐಸ್ ಡಬ್ಬಿ ಹಾಕಿಕೊಂಡು ನೆಟ್ಟಗೆ ಹೋಗಿ ಕಾಟಾದ ಮೇಲೆ ನಿಂತೆ. ಐವತ್ನಾಲ್ಕು. ಮೆಕ್ಯಾನಿಕ್ ಶಟರಿನ ಮೇಲಿನ ಅಂಕಿ ನೋಡಿದ.

“ನೂರಾ ಮೂವತ್ತೇಳರಾಗ ಐವತ್ನಾಕು ಹೋದ್ರ...” ಎಂದವನು ಅಲ್ಲಿಗೇ ನಿಂತ.

“ಎಂಬತ್ಮೂರು,” ಎಂದರು ಕಾಕಾ. ಆಮೇಲೆ, “ಎಪ್ಪತ್ತೈದರ ಮ್ಯಾಲ ಒಂದು ತೊಲಿ ಇಲ್ಲಂತಿದ್ದ ನಿಮ್ಮಣ್ಣ, ಕಳ್ಳ ನನ್ನ ಮಗ!”

ಮೊದಲು ನಕ್ಕವಳು ನಾನೇ. ನಂತರ ಮೂವರೂ ನಕ್ಕೆವು. ಕಾಕಾ ಟವೆಲಿನಿಂದ ಮುಖ ಒರೆಸಿಕೊಂಡು ಚಾ ಹೇಳಲು ಹೊರಗೆ ಹೋದರು.

ಮೆಕ್ಯಾನಿಕ್ ಫೋರ್ಕಿನ ಮುಚ್ಚಳ ಬಿಚ್ಚಿ ಬಿಳಿ ತುಂಡುಗಳನ್ನು ತೆಗೆದ. ಗರಗಸ ಇಡುವಷ್ಟರಲ್ಲಿ, “ಅವನ್ನ ಕೊಯ್ಯಬ್ಯಾಡ್ರಿ,” ಎಂದೆ. ಧ್ವನಿ ಬೇಕಾದ್ದಕ್ಕಿಂತ ಜೋರಾಯಿತು.

ಅವನು ನನ್ನ ಮುಖ ನೋಡಿದ. “ಪೈಪಿಗೇನು ಬರ ಬಂದದೇನು ಅಕ್ಕಾ?” ಎಂದು ಮೂಲೆಯಿಂದ ಉದ್ದನೆಯ ಪೈಪೊಂದನ್ನು ಎಳೆದು, ಹೊಸದಾಗಿ ಎರಡು ಗಿಡ್ಡ ತುಂಡು ಕೊಯ್ದ. ಹಳೆಯವನ್ನು ಪೇಪರಿನಲ್ಲಿ ಸುತ್ತಿ ನನ್ನ ಚೀಲದಲ್ಲಿ ಹಾಕಿದ. ಮುಂಭಾಗ ತಗ್ಗಲೆಂದು ಫೋರ್ಕಿನ ಕೊಳವೆಗಳನ್ನು ಅವನ್ನು ಹಿಡಿದ ಪಟ್ಟಿಯಲ್ಲಿ ಒಂದು ಬೆರಳಷ್ಟು ಮೇಲೆ ಸರಿಸಿ ನಟ್ಟು ಬಿಗಿದ. ಈಗ ಕೂತರೆ ಕಾಲಿನ ಹೆಬ್ಬೆರಳು ನೆಲಕ್ಕೆ ತಾಗಿತು.

ಮಾಣಿಕನಗರದ ತಿರುವಿನ ತನಕ ಹೋಗಿ ಬಂದೆ. ತಿರುಗಿಸುವಾಗ ಒಮ್ಮೆ ಗಾಡಿ ಬಂದ್ ಬಿತ್ತು. ಆಟೊದವನೊಬ್ಬ, “ಕಿಕ್ ಹೊಡೀರಿ ಅಕ್ಕಾರ, ಅದಕ್ಕ ಬೈದ್ರ ಏನ್ ಆಗತದ?” ಎಂದ. ನಾನು ಬೈಯುತ್ತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಗ್ಯಾರೇಜಿಗೆ ಮರಳಿದಾಗ ಕಾಕಾ ಫೋನಿನಲ್ಲಿದ್ದರು. “ಇಲ್ರಿ, ಗಾಡಿ ಕೊಡಂಗಿಲ್ಲ. ಮನ್ಯಾಗ ಬೇಕಾಗ್ಯದ,” ಎನ್ನುತ್ತಿದ್ದರು. ಫೋನು ಇಟ್ಟು ನನ್ನ ಕಡೆ ತಿರುಗಿ, “ಹೆಲ್ಮೆಟ್ ಸರಿ ಹಾಕ್ಕೋ,” ಎಂದರು. ಅಷ್ಟೇ.

ಈಗ ವಾರಕ್ಕೆ ಎರಡು ಸಲ ಹಿಂಡುಗಳ ಕಡೆ ಹೋಗುತ್ತೇನೆ. ಹಸಿ ಹೊಲದಲ್ಲೂ ಮುಂದಿನ ಗಾಲಿ ಜಾಡು ತಪ್ಪುವುದಿಲ್ಲ. ಮೊದಲಿನ ಹಾಗೆ ಕೈ ನೋಯುವುದಿಲ್ಲ. ಗಾಡಿಯಲ್ಲಿ ಇನ್ನೇನೂ ಕೊರತೆ ಕಾಣುತ್ತಿಲ್ಲ. ಆದರೆ ಈ ಫೋರ್ಕ್ ಹುಡುಕಿ ತಂದ ಅಣ್ಣ, ಅದನ್ನು ಹಾಕಿದ ಗಾಡಿಯನ್ನು ಒಂದು ಸಲವೂ ಓಡಿಸಲಿಲ್ಲ.