ಇಂಗ್ಲಿಷ್ ಪರೀಕ್ಷೆಯ ದಿನ ಬರುವ ಜ್ವರ

ಬೆಳಿಗ್ಗೆ ಹನ್ನೊಂದು ಗಂಟೆಗೆ ಗ್ರಂಥಾಲಯದ ಬೆಂಚಿನ ಮೇಲೆ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಕೂತಿದ್ದರೆ ನೀವೇನು ಅಂದುಕೊಳ್ಳುತ್ತೀರೋ ಗೊತ್ತಿಲ್ಲ. ನಾನಂತೂ ಇಷ್ಟು ದಿನ ಖುಷಿಪಡುತ್ತಿದ್ದೆ. ನಮ್ಮದು ಪಂಚಾಯಿತಿಯ ಗ್ರಂಥಾಲಯ. ಮುಂಡರಗಿಯಿಂದ ಹೊಳೆಯ ಕಡೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬರೆದರೆ ನಾಳೆಯೇ ನನ್ನ ಕೈಯಿಂದ ಬೀಗದ ಕೈ ಕಸಿದುಕೊಳ್ಳುತ್ತಾರೆ, ಆದ್ದರಿಂದ ಬರೆಯುವುದಿಲ್ಲ. ಬಂದವರ ಹೆಸರು ಬರೆಸಿಕೊಳ್ಳಲು ಒಂದು ಪುಸ್ತಕ ಇಟ್ಟಿದ್ದೇನೆ. ಅದರ ಪುಟ ತುಂಬಿದಷ್ಟೂ ಮೇಲಿನವರಿಗೆ ಸಮಾಧಾನ, ನನಗೂ ಸಮಾಧಾನ. ದಿನವೂ ತಪ್ಪದೆ ಬರುವವರೆಂದರೆ ಪತ್ರಿಕೆಯ ಪದಬಂಧಕ್ಕೆ ಕಿತ್ತಾಡುವ ಇಬ್ಬರು ಹಿರಿಯರು, ನೌಕರಿಯ ಪರೀಕ್ಷೆಗೆ ಓದುವ ಮೂವರು. ಅವರ ಜೊತೆಗೆ ಒಂಬತ್ತನೆಯ ತರಗತಿಯ ಐಶ್ವರ್ಯಾ ಬಂದು ಕೂತರೆ ಒಂದು ಹೆಸರು ಹೆಚ್ಚಾಯಿತಲ್ಲ ಎಂದು ಹಿಗ್ಗುತ್ತಿದ್ದೆ. ಶಾಲೆಯ ಹೊತ್ತಿನಲ್ಲಿ ಈ ಮಗು ಇಲ್ಲೇನು ಮಾಡುತ್ತಿದೆ ಎಂದು ಕೇಳುವ ಬುದ್ಧಿ ನನಗೆ ಬಂದಿರಲಿಲ್ಲ. ಹಿಂದಿನ ತಿಂಗಳೂ ಒಂದು ದಿನ ಅವಳು ಹೀಗೆಯೇ ಬಂದು ಸಂಜೆಯವರೆಗೂ ಕೂತಿದ್ದಳು.

ಮೊನ್ನೆ ಕೇಳಿದೆ. ಕಾರಣ ದೊಡ್ಡದೇನಲ್ಲ, ಅವಳು ಬುತ್ತಿಯ ಡಬ್ಬಿ ತೆರೆದಳು, ಇಲ್ಲಿ ಉಣ್ಣಬಾರದು ಎಂದು ಗದರಿಸಲು ಹೋದೆ. ಹೋದವಳು ಹಾಗೆಯೇ, ಶಾಲೆ ಇಲ್ಲವೇನು ಎಂದೆ.

"ಐತ್ರಿ ಅಕ್ಕಾರ. ಇವತ್ತ ಇಂಗ್ಲಿಷ್ ಟೆಸ್ಟ್ ಐತಿ, ಗದಗಿನಿಂದ ಮೇಡಂ ಬಂದಾರ್ರಿ. ಸರ್ ನಂಗ ಬರಬ್ಯಾಡ ಅಂದಾರ."

ಯಾಕೆ ಎಂದೆ.

"ನಂಗ ಇಂಗ್ಲಿಷ್ ಬರೂದಿಲ್ಲಲ್ರಿ, ಅದಕ್ಕ."

ಇವತ್ತು ಬಸ್ಸು ತಡ ಎಂದು ಹೇಳುವ ಹಾಗೆ ಹೇಳಿದಳು. ದೂರಿಲ್ಲ, ಅಳುವಿಲ್ಲ. ಮನೆಯಲ್ಲಿ ಗೊತ್ತೇ ಎಂದರೆ ಮಾತ್ರ ಮುಖ ಸಣ್ಣದಾಯಿತು. ಗೊತ್ತಿಲ್ಲವಂತೆ. ಗೊತ್ತಾದರೆ, ಸರೇ ಬೇಡ ಎಂದ ಮೇಲೆ ನೀನೇಕೆ ಹೋಗುತ್ತೀ ಎಂದು ಅವ್ವ ಶಾಲೆ ಬಿಡಿಸಿಬಿಡುತ್ತಾಳಂತೆ. ಆದ್ದರಿಂದ ಮನೆಯವರ ಲೆಕ್ಕದಲ್ಲಿ ಅವಳು ಶಾಲೆಯಲ್ಲಿದ್ದಾಳೆ, ಶಾಲೆಯವರ ಲೆಕ್ಕದಲ್ಲಿ ಮನೆಯಲ್ಲಿ. ನನ್ನ ಪುಸ್ತಕದಲ್ಲಿ ಮಾತ್ರ ದುಂಡಗೆ ಸಹಿ ಮಾಡಿ ಕೂತಿದ್ದಾಳೆ.

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಬೇಕಾದರೆ ನಮ್ಮ ಮನೆಯವರನ್ನು ಕೇಳಿ. ಆದರೆ ಮೊನ್ನೆ ಬಂದದ್ದು ಮೂಗಿನ ಕೋಪವಲ್ಲ. ಅದು ಮೂವತ್ತು ವರ್ಷದಿಂದ ಒಳಗೆ ಕೂತಿದ್ದ ಕೋಪ. ಅದರ ಕಥೆಯನ್ನು ಹೇಳದೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ನಾನು ಓದಿದ್ದು ಶಿರಹಟ್ಟಿಯ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ನಮ್ಮ ಇಂಗ್ಲಿಷ್ ಸರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಿತ್ತು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು, ಪಾಠ ಮಾತ್ರ ಮುಂದಿನ ಎರಡು ಬೆಂಚಿಗೆ. ಒಂದು ಸಾಲು ಇಂಗ್ಲಿಷಿನಲ್ಲಿ ಓದುವರು, ಕನ್ನಡದಲ್ಲಿ ಅರ್ಥ ಹೇಳುವರು, ಬೋರ್ಡಿನ ಮೇಲೆ ಉತ್ತರ ಬರೆಯುವರು, ನಾವು ಇಳಿಸಿಕೊಳ್ಳುವೆವು. ಅಕ್ಷರಗಳನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸುವುದರಲ್ಲಿ ನಾನು ಜಾಣೆ. ಏನು ಬರೆದಿದ್ದೀ ಓದು ಎಂದರೆ ಎದೆ ಸೀಳಿದರೂ ಒಂದಕ್ಷರ ಬರುತ್ತಿರಲಿಲ್ಲ. ಸರ್ ಓದು ಎನ್ನುತ್ತಲೂ ಇರಲಿಲ್ಲ. ಹಿಂದಿನ ಬೆಂಚಿನವರನ್ನು ಬೈಯುತ್ತಲೂ ಇರಲಿಲ್ಲ. ನಾವು ಅವರನ್ನು ದೇವರಂಥ ಮನುಷ್ಯ ಎಂದುಕೊಂಡಿದ್ದೆವು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಹೊರಗಿನಿಂದ ಯಾರೋ ಬಂದು ಮಕ್ಕಳ ಇಂಗ್ಲಿಷ್ ನೋಡುತ್ತಾರೆ ಎಂದು ಸುದ್ದಿಯಾಯಿತು. ವರ್ಷದ ಕೊನೆಯ ಪರೀಕ್ಷೆಯಲ್ಲ; ಓದಿಸಿ, ಬರೆಸಿ, ಮಾತಾಡಿಸಿ ನೋಡುವುದು. ಅಂಕ ಬೀಳುವುದು ಮಕ್ಕಳಿಗಲ್ಲ, ಶಾಲೆಗೆ. ಹಿಂದಿನ ದಿನ ಸರ್ ನಾಲ್ಕು ಜನರನ್ನು ಕಟ್ಟೆಯ ಹತ್ತಿರ ಕರೆದರು. ನಾನು, ನನ್ನ ಗೆಳತಿ ಶಂಕ್ರವ್ವ, ಇನ್ನಿಬ್ಬರು. ತಲೆ ಸವರುವಂಥ ದನಿಯಲ್ಲಿ ಹೇಳಿದರು:

"ನಾಳಿ ನೀವು ನಾಕೂ ಮಂದಿ ಮನ್ಯಾಗ ಇರ್ರವಾ. ಪಾಪ, ಸುಮ್ಮನ ಯಾಕ ತ್ರಾಸ ತಗೋತೀರಿ."

ನಾವು ಕುಣಿದಾಡಿಬಿಟ್ಟೆವು. ಇಡೀ ಶಾಲೆಯಲ್ಲಿ ನಮಗೆ ನಾಲ್ಕೇ ಜನಕ್ಕೆ ಸೂಟಿ! ನಾನು ಮನೆಗೆ ಹೋಗಿ, ಸರ್ ನನ್ನ ಮೇಲೆ ಖುಷಿಯಾಗಿ ಸೂಟಿ ಕೊಟ್ಟಿದ್ದಾರೆ ಎಂದೆ. ಸುಳ್ಳು ಹೇಳಿದೆನೆಂದು ತಿಳಿಯಬೇಡಿ, ಹಾಗೆಂದೇ ನಂಬಿದ್ದೆ. ಅಪ್ಪನದು ಕಿರಾಣಿ ಅಂಗಡಿ. ಬೆಲ್ಲ ಒಯ್ಯಲು ಬಂದವರಿಗೂ ಎಣ್ಣೆ ಒಯ್ಯಲು ಬಂದವರಿಗೂ ಮಗಳ ದೊಡ್ಡಸ್ತಿಕೆ ಹೇಳಿದ. ಅವ್ವ ಮರುದಿನ ಶೇಂಗಾ ಹೋಳಿಗೆ ಮಾಡಿದಳು. ಊರಿನ ಮಕ್ಕಳೆಲ್ಲ ಪರೀಕ್ಷೆ ಬರೆಯುತ್ತಿದ್ದಾಗ, ಪರೀಕ್ಷೆಗೂ ಲಾಯಕ್ಕಿಲ್ಲ ಎನಿಸಿಕೊಂಡವಳು ಪಡಸಾಲೆಯಲ್ಲಿ ಕೂತು ತುಪ್ಪ ಹಚ್ಚಿಕೊಂಡು ಮೂರು ಹೋಳಿಗೆ ತಿಂದೆ. ಈಗಲೂ ಶೇಂಗಾ ಹೋಳಿಗೆ ನನಗೆ ಬಲು ಇಷ್ಟ. ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಬರೆದರೆ ಚೆಂದ ಕಾಣುತ್ತಿತ್ತು, ಆದರೆ ಸಿಕ್ಕಿಕೊಳ್ಳುವುದಿಲ್ಲ.

ಸ್ವಲ್ಪ ದಿನದ ಮೇಲೆ ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮಾಸ್ತರರು ಒಂದು ಕಾಗದ ಹಿಡಿದು ನಿಂತರು. ನಮ್ಮ ಶಾಲೆಯ ಎಲ್ಲ ಮಕ್ಕಳೂ ಇಂಗ್ಲಿಷಿನಲ್ಲಿ ಪಾಸಾಗಿದ್ದಾರೆ, ಸುತ್ತಿನ ಶಾಲೆಗಳಲ್ಲಿ ನಮ್ಮದೇ ಮುಂದು ಎಂದರು. ಇಂಗ್ಲಿಷ್ ಸರ್ ಕೈ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತಿದ್ದರು, ಮದುಮಗನ ಹಾಗೆ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಅಂಗೈ ಕೆಂಪಾಗುವಷ್ಟು ಹೊಡೆದೆ. ಪಕ್ಕದಲ್ಲಿದ್ದ ಶಂಕ್ರವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು.

"ನೀ ಯಾಕ ಹೊಡಿತೀಲೇ? ಎಲ್ಲಾರೊಳಗ ನಾವಿಲ್ಲ."

ಅವಳಿಗೆ ಅಂದೇ ತಿಳಿಯಿತು. ನನಗೆ ತಿಳಿಯಲು ಇನ್ನೊಂದು ವಾರ ಬೇಕಾಯಿತು. ಹಾಜರಿ ಪುಸ್ತಕವನ್ನು ಆಫೀಸಿಗೆ ಕೊಟ್ಟು ಬಾ ಎಂದು ಕಳಿಸಿದ್ದರು. ದಾರಿಯಲ್ಲಿ ತೆರೆದು ನೋಡಿದೆ. ಆ ದಿನದ ಅಂಕಣದಲ್ಲಿ ನಮ್ಮ ನಾಲ್ಕು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ 'ಜ್ವರ' ಎಂದು ಬರೆದಿತ್ತು. ನಾಲ್ಕು ಮನೆಗೆ ಒಂದೇ ದಿನ ಬಂದು ಒಂದೇ ದಿನ ಬಿಟ್ಟುಹೋದ ಜ್ವರ. ಊರಿನ ಡಾಕ್ಟರಿಗೂ ಅದರ ಖಬರಿರಲಿಲ್ಲ.

ನಿಮ್ಮ ಕಡೆಯೂ ನಡೆಯುತ್ತದೋ ಇಲ್ಲವೋ, ನಮ್ಮ ಕಡೆ ಅಕ್ಕನನ್ನು ನೋಡಲು ಗಂಡಿನವರು ಬಂದರೆ ಬೆಳ್ಳಗಿರುವ ತಂಗಿಯನ್ನು ಪಕ್ಕದ ಮನೆಗೆ ಕಳಿಸುವುದುಂಟು. ಗಂಡಿನವರು ಹೋದ ಮೇಲೆ ತಂಗಿ ಬಂದು ಉಳಿದ ಉಪ್ಪಿಟ್ಟು ತಿನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಅದನ್ನು ನಾನು ಕ್ಷಮಿಸಬಲ್ಲೆ. ಆದರೆ ಮನೆಗೆ ಡಾಕ್ಟರು ಬಂದಾಗ ಹಾಸಿಗೆ ಹಿಡಿದವರನ್ನೇ ಹಿತ್ತಲಿಗೆ ಸಾಗಿಸಿ, ಗಟ್ಟಿಮುಟ್ಟಾದವರ ನಾಡಿ ಹಿಡಿಸಿ, ನಮ್ಮ ಮನೆಯಲ್ಲಿ ಎಲ್ಲರೂ ಆರಾಮು ಎಂದು ಬರೆಸಿಕೊಳ್ಳುವವರನ್ನು ಏನೆನ್ನಬೇಕು? ಪರೀಕ್ಷೆ ಇರುವುದು ಯಾರಿಗೆ ಏನು ಬರುವುದಿಲ್ಲ ಎಂದು ತಿಳಿಯಲು. ಬಾರದವರನ್ನು ಮನೆಯಲ್ಲಿ ಬಿಟ್ಟು ಮಾಡುವ ಪರೀಕ್ಷೆಗೆ ಪರೀಕ್ಷೆ ಎನ್ನುವ ಬಾಯಿಗೆ ಮಣ್ಣು ಹಾಕಬೇಕು. ಇದನ್ನು ಸಮಾಧಾನದಿಂದ ಬರೆಯಲು ಎರಡು ಸಲ ನೋಡಿದೆ, ಆಗಲಿಲ್ಲ.

ಶಂಕ್ರವ್ವ ದೀಪಾವಳಿಯ ಸೂಟಿಗೆ ಹೋದವಳು ಮತ್ತೆ ಬರಲಿಲ್ಲ. ಕರೆಯಲು ಹೋದರೆ ಅವಳ ಅಮ್ಮ, ಸರೇ ಮನೆಯಲ್ಲಿರು ಎಂದರಲ್ಲ, ಇದ್ದಾಳೆ ಎಂದಳು. ಈಗ ಅವಳು ಲಕ್ಷ್ಮೇಶ್ವರದ ಸಂತೆಯಲ್ಲಿ ತರಕಾರಿ ಮಾರುತ್ತಾಳೆ. ಇಂಗ್ಲಿಷ್ ಬಾರದೆ ಅವಳ ಬಾಳು ಹಾಳಾಯಿತು ಎಂದು ಬರೆದರೆ ಶುದ್ಧ ಸುಳ್ಳು. ನನಗಿಂತ ಗಟ್ಟಿಯಾಗಿದ್ದಾಳೆ, ಅವಳ ಕೊರಳಲ್ಲಿ ನನಗಿಂತ ಬಂಗಾರ ಜಾಸ್ತಿ. ಆದರೆ ಯಾವ ಕಾಗದ ಮುಂದೆ ಹಿಡಿದರೂ, ಅದು ಕನ್ನಡದ್ದೇ ಇರಲಿ, ಕಣ್ಣು ಹಾಯಿಸುವ ಮೊದಲೇ "ನಂಗ ತಿಳಿಯೂದಿಲ್ಲ" ಅನ್ನುತ್ತಾಳೆ. ಅವಳು ಏಳನೆಯ ತರಗತಿಯಲ್ಲಿ ಪತ್ರಿಕೆ ಹಿಡಿದು ಅವರಪ್ಪನಿಗೆ ಓದಿ ಹೇಳುತ್ತಿದ್ದುದನ್ನು ಕಂಡವಳು ನಾನು.

ಇನ್ನು ನನ್ನ ಕಥೆ. ಮುಂದೆ ಅಂಥ ಟೆಸ್ಟ್ ಬಂದಾಗಲೆಲ್ಲ ನನಗೆ ಜ್ವರ ಬಂತು. ಹೊರಗಿನವರು ತೆಗೆದ ಇಂಗ್ಲಿಷ್ ಪ್ರಶ್ನೆಪತ್ರಿಕೆಯನ್ನು ನಾನು ಮೊದಲು ಮುಟ್ಟಿದ್ದು ಎಸ್ಸೆಸ್ಸೆಲ್ಸಿಯಲ್ಲಿ. ಮೊದಲ ಸಾಲನ್ನೇ ಅರ್ಧ ಗಂಟೆ ನೋಡುತ್ತ ಕೂತೆ. ಕೊನೆಗೆ ಪ್ರಶ್ನೆಗಳನ್ನೇ ಮುತ್ತಿನಂಥ ಅಕ್ಷರದಲ್ಲಿ ಉತ್ತರಪತ್ರಿಕೆಗೆ ಇಳಿಸಿ ಎದ್ದು ಬಂದೆ. ಉಳಿದ ವಿಷಯಗಳೆಲ್ಲ ಪಾಸು, ಅದೊಂದು ಫೇಲು. ಮತ್ತೆ ಕಟ್ಟಿ, ಮತ್ತೆ ಫೇಲಾಗಿ, ಮೂರನೆಯ ಸಲ ದಾಟಿದೆ. ಫೇಲಾದದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ನನಗೆ ಏನು ಬರುವುದಿಲ್ಲ ಎಂದು ಅಷ್ಟು ವರ್ಷಗಳಲ್ಲಿ ಒಬ್ಬರೂ ಹೇಳಲಿಲ್ಲವಲ್ಲ, ಅದಕ್ಕೆ ಸಿಟ್ಟು.

ಇದೆಲ್ಲ ಮೊನ್ನೆ ಬೆಂಚಿನ ಮುಂದೆ ನಿಂತಾಗ ಒಮ್ಮೆಲೇ ಎದ್ದು ಬಂತು. ಐಶ್ವರ್ಯಾಗೆ ಡಬ್ಬಿ ಮುಚ್ಚು, ನಡೆ ಎಂದೆ. ಪದಬಂಧದ ಹಿರಿಯರಿಗೆ ಗ್ರಂಥಾಲಯ ನೋಡಿಕೊಳ್ಳಿ ಎಂದೆ. ದಾರಿಯುದ್ದಕ್ಕೂ ಹುಡುಗಿ, ಬೇಡ ಅಕ್ಕಾರ, ಸರ್ ಸಿಟ್ಟಾಗುತ್ತಾರೆ ಎನ್ನುತ್ತಿದ್ದಳು. ಸಿಟ್ಟು ಅವರೊಬ್ಬರಿಗೇ ಬರುತ್ತದೇನು ಎಂದೆ. ಪಾಪದ ಹುಡುಗಿಯ ಮೇಲೆಯೇ ಹರಿಹಾಯ್ದೆ ಎಂದು ಆಮೇಲೆ ಕೆಡುಕೆನಿಸಿತು.

ಶಾಲೆಯಲ್ಲಿ ಬರೆಯುವ ಪರೀಕ್ಷೆ ಮುಗಿದು, ಒಬ್ಬೊಬ್ಬರನ್ನೇ ಕರೆದು ಓದಿಸುವುದು ನಡೆದಿತ್ತು. ಗದಗಿನ ಮೇಡಂ ಮೇಜಿನ ಹಿಂದೆ. ಇಂಗ್ಲಿಷ್ ಸರ್ ಬಾಗಿಲ ಹತ್ತಿರ. ಇವರೂ ಕೆಟ್ಟವರಲ್ಲ. ಮೂವತ್ತು ದಾಟಿರಲಿಕ್ಕಿಲ್ಲ, ನಮ್ಮ ಗ್ರಂಥಾಲಯಕ್ಕೆ ಒಂದು ಗಡಿಯಾರ ಕೊಡಿಸಿದವರು. ನಮ್ಮನ್ನು ಕಂಡು ಹೊರಗೆ ಬಂದು ದನಿ ತಗ್ಗಿಸಿದರು. ಹುಡುಗಿಯ ಹೆಸರಿನ ಮುಂದೆ ಆಗಲೇ ಜ್ವರ ಎಂದು ಬರೆದಾಗಿತ್ತಂತೆ. ನಾನು ಅವಳ ಹಣೆ ಮುಟ್ಟಿ ನೋಡಿರಿ ಎಂದೆ.

"ಅಕ್ಕಾರ, ತಿಳಕೋರಿ. ಇಕಿ ಫೇಲ್ ಆಗತಾಳ. ಸಾಲಿ ಹೆಸರು ಕೆಡತೈತಿ, ಮ್ಯಾಲಿನವ್ರು ನನ್ನ ಕೇಳತಾರ."

"ಆಗಲಿ ಬಿಡ್ರಿ. ಆಕಿ ಫೇಲು ಆಕೀದು. ಅದನ್ನೂ ನೀವ್ಯಾಕ ಕಸಗೋತೀರಿ?"

ನನ್ನ ದನಿ ಮೆತ್ತಗಿನದಲ್ಲ. ಮೇಡಂ ತಲೆ ಎತ್ತಿ ಯಾರವರು ಎಂದು ಕೇಳಿದರು. ಒಂಬತ್ತನೆಯ ತರಗತಿಯ ಹುಡುಗಿ, ತಡವಾಗಿ ಬಂದಿದ್ದಾಳೆ ಎಂದೆ. ಮೇಡಂ ಪಟ್ಟಿ ನೋಡಿ, ಸರ್ ಮುಖ ನೋಡಿ, ಏನೂ ಕೇಳದೆ ಕುರ್ಚಿ ತೋರಿಸಿದರು. ಅವರಿಗೂ ಇಂಥ ಜ್ವರಗಳ ಪರಿಚಯ ಇದ್ದಂತಿತ್ತು.

ಮೊದಲು ಒಂದು ಸಂತೆಯ ಚಿತ್ರ ಕೊಟ್ಟು ಏನೇನಿದೆ ಹೇಳು ಎಂದರು. ಐಶ್ವರ್ಯಾ ಚಿತ್ರವನ್ನು ಹತ್ತಿರ ಎಳೆದುಕೊಂಡು, ಟೊಮ್ಯಾಟೊ ಎಂದಳು. ಆಮೇಲೆ ಆನಿಯನ್ ಎಂದಳು. ಆಮೇಲೆ ಇಲ್ಲ. ನಾಲ್ಕು ಸಾಲಿನ ಒಂದು ಹಾಳೆ ಕೊಟ್ಟು ಓದು ಎಂದರು. ಬೆರಳಿಟ್ಟು ಒಂದೊಂದೇ ಅಕ್ಷರದ ಹೆಸರು ಹೇಳಿದಳು, ಒಂದೂ ತಪ್ಪಲಿಲ್ಲ, ಆದರೆ ಮೊದಲ ಶಬ್ದವೇ ಹುಟ್ಟಲಿಲ್ಲ. ಸುಮ್ಮನೆ ಕರೆತಂದು ನಾಲ್ಕು ಜನರ ಎದುರು ಮಾನ ಕಳೆದೆನೇನೋ ಎಂದು ಮೊದಲ ಸಲ ಅಳುಕಿದೆ. ಮೇಡಂ ಅಂಕ ಬರೆದರು. ಎಷ್ಟೆಂದು ಇಣುಕಿ ನೋಡುವ ಧೈರ್ಯ ನನಗಾಗಲಿಲ್ಲ. ಹುಡುಗಿಯೇ ಕೇಳಿದಳು, ನಾನು ಫೇಲ್ ಏನ್ರಿ ಎಂದು.

"ಹೌದವಾ," ಎಂದರು ಮೇಡಂ. "ಅಕ್ಷರ ಎಲ್ಲಾ ಬರತಾವ ನಿನಗ. ಅವನ್ನ ಕೂಡ್ಸಿ ಓದಾಕ ಬರೂದಿಲ್ಲ. ಅಷ್ಟ."

ಅಳುತ್ತಾಳೆ ಎಂದು ನಾನು ಸೆರಗು ಹಿಡಿದು ನಿಂತೆ. ಅವಳು ಅಳಲಿಲ್ಲ. ಏನು ಕಳೆದಿದೆ ಎಂದು ಕೊನೆಗೂ ಗೊತ್ತಾದವರ ಹಾಗೆ ಮುಖ ಬಿಚ್ಚಿಕೊಂಡಿತು. ಕುರ್ಚಿಯಿಂದ ಎದ್ದು, ಬಾಗಿಲ ಹತ್ತಿರ ನಿಂತಿದ್ದ ಸರ್ ಕಡೆ ನೇರವಾಗಿ ಹೋದಳು. ಸಿಟ್ಟಿನಿಂದಲ್ಲ. ಸಿಟ್ಟೆಲ್ಲ ನನ್ನ ಹತ್ತಿರವೇ ಇತ್ತು. ಅವಳದು ತಿಳಿದುಕೊಳ್ಳಬೇಕೆಂದು ಕೇಳಿದ ಮಾತು.

"ಕೂಡ್ಸೂದು ಯಾವಾಗ ಕಲಸ್ತೀರ್ರಿ ಸರ್?"

ಸರ್ ನನ್ನ ಕಡೆ ನೋಡಿದರು. ಮೇಡಂ ಕಡೆ ನೋಡಿದರು. ಆದರೆ ಪ್ರಶ್ನೆ ಇದ್ದದ್ದು ಸರ್‌ಗೆ. ಹುಡುಗಿ ಕೈ ಕಟ್ಟಿಕೊಂಡು ಉತ್ತರಕ್ಕೆ ಕಾಯುತ್ತ ನಿಂತಳು.