ಕಲಬೆರಕೆ ಎಂದು ಬರೆದ ಸಾಲು

ನಮ್ಮ ಕಾರಿನ ಎಂಜಿನ್ ಕೆಟ್ಟದ್ದಕ್ಕೆ ಷೋರೂಮಿನವರು ಕೊಟ್ಟ ಕಾರಣ ಒಂದೇ ಮಾತಿನಲ್ಲಿ ಮುಗಿದಿತ್ತು: ಕಲಬೆರಕೆ ಡೀಸೆಲ್. ಫೆಬ್ರವರಿಯ ಎರಡನೇ ಸೋಮವಾರದ ನನ್ನ ಡೈರಿಯಲ್ಲೂ ಅದೇ ಇದೆ, ನನ್ನದೇ ಅಕ್ಷರದಲ್ಲಿ, ಒಂದು ಪ್ರಶ್ನೆ ಚಿಹ್ನೆಯೂ ಇಲ್ಲದೆ. ಬಿಡದಿಯ ಕಾರ್ಖಾನೆಯೊಂದರಲ್ಲಿ ದಿನಕ್ಕೆ ಎಂಟು ಗಂಟೆ ಬಿಡಿಭಾಗಗಳನ್ನು ಅಳೆದು ಸರಿ, ತಪ್ಪು ಎಂದು ಗುರುತು ಹಾಕುವುದು ನನ್ನ ಕೆಲಸ. ಅಂಥವಳು ಅಳೆಯದೆ ಬರೆದ ಆ ಸಾಲನ್ನು ಈಗ ನೋಡಿದರೂ ಹೇಸಿಗೆಯಾಗುತ್ತದೆ.

ಕಾರು ಅಪ್ಪನದು. ಕೈಲಾಂಚದ ಹತ್ತಿರ ನಮ್ಮೂರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ, ಎರಡು ಹಸು. ಕಾರು ತಂದ ದಿನದಿಂದ ನಾನು ಒಂದು ಪುಸ್ತಕ ಇಟ್ಟಿದ್ದೇನೆ. ಯಾವತ್ತು ಡೀಸೆಲ್ ಹಾಕಿಸಿದ್ದು, ಎಷ್ಟು ಲೀಟರ್, ಎಷ್ಟು ಕಿಲೋಮೀಟರ್, ಓಡಿಸಿದವರು ಯಾರು. ಕೆಟ್ಟು ನಿಲ್ಲುವ ಹೊತ್ತಿಗೆ ಅರವತ್ತೊಂದು ಸಲ ಡೀಸೆಲ್ ಹಾಕಿಸಿದ್ದೆವು. ಮಾಗಡಿಯಲ್ಲಿ ಒಂದು ಸಲ, ಕನಕಪುರದಲ್ಲಿ ಒಂದು ಸಲ, ಚನ್ನಪಟ್ಟಣದಲ್ಲಿ ಒಂದು ಸಲ. ಉಳಿದ ಐವತ್ತೆಂಟೂ ನಮ್ಮ ದಾರಿಯ ಬಂಕಿನಲ್ಲಿ. ಆ ಬಂಕಿನ ಯಜಮಾನರು ಅಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಅವರನ್ನು ಮಾಮ ಎನ್ನುತ್ತೇನೆ.

ಅಂದು ರೇಷ್ಮೆ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟಿದ್ದೆವು. ಏರಿನಲ್ಲಿ ಗಾಡಿ ಜಗ್ಗಲಿಲ್ಲ. ಎರಡು ಸಲ ಮುಗ್ಗರಿಸಿ, ಹಳದಿ ದೀಪ ಹತ್ತಿಸಿಕೊಂಡು ನಿಂತೇಬಿಟ್ಟಿತು. ಗೂಡನ್ನು ಗೂಡ್ಸ್ ಆಟೋಗೆ ಹಾಕಿ ಕಳಿಸಿದೆವು, ಕಾರನ್ನು ಮೈಸೂರು ರಸ್ತೆಯ ಷೋರೂಮಿಗೆ ಎಳೆಸಿದೆವು. ಮಧ್ಯಾಹ್ನದೊಳಗೆ ಸರ್ವಿಸ್ ಅಡ್ವೈಸರ್ ಬಂದ. ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ನೀರಿನ ಬಾಟಲಿ. ಬಾಟಲಿಯಲ್ಲಿ ರಾಗಿ ಗಂಜಿಯ ಬಣ್ಣದ್ದೇನೋ ಇತ್ತು.

"ನೋಡಿ ಸರ್, ಇದು ನಿಮ್ಮ ಗಾಡೀದು. ಇದನ್ನ ಕುಡಿದರೆ ಎಂಜಿನ್ ಬದುಕತ್ತಾ? ನಾಲ್ಕೂ ಇಂಜೆಕ್ಟರ್ ಹೋಗಿದೆ. ಕಲಬೆರಕೆ ಡೀಸೆಲ್. ಇದಕ್ಕೆ ವಾರಂಟಿ ಬರಲ್ಲ ಸರ್, ಕಂಪನಿ ರೂಲ್ಸು."

ಅಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ನಾನೂ ನೋಡಿದೆ. ಇದನ್ನು ಎಲ್ಲಿಂದ ತೆಗೆದಿರಿ ಎಂದು ಇಬ್ಬರೂ ಕೇಳಲಿಲ್ಲ.

ವಾಪಸು ಬರುವಾಗ ಅಪ್ಪ ಬಂಕಿನ ಮುಂದೆ ಆಟೋ ನಿಲ್ಲಿಸಿದರು. ಪಂಪಿನ ಮುಂದೆ ಟ್ರ್ಯಾಕ್ಟರು, ಹಾಲಿನ ಗಾಡಿ, ಬೈಕುಗಳು. ಎಲ್ಲರ ಎದುರಿಗೇ ಶುರು ಮಾಡಿದರು.

"ಏನ್ಲಾ, ನನ್ಗೇ ನೀರ್ ಬೆರ್ಸಿ ಮಾರ್ತೀಯ? ನನ್ ಗಾಡಿನೇ ಬೇಕಾಗಿತ್ತಾ ನಿಂಗೆ?"

ಮಾಮ ಮೊದಲು ನಕ್ಕರು, ತಮಾಷೆ ಅಂದುಕೊಂಡು. ಆಮೇಲೆ ನಗು ನಿಲ್ಲಿಸಿ ಒಳಗಿನಿಂದ ಉದ್ದನೆಯ ಅಳತೆ ಕೋಲು ತಂದರು. ಅದರ ತುದಿಗೆ ಒಂದು ಪೇಸ್ಟು ಹಚ್ಚಿ ನೆಲದೊಳಗಿನ ಟ್ಯಾಂಕಿಗೆ ಇಳಿಬಿಟ್ಟರು. ನೀರಿದ್ದರೆ ಪೇಸ್ಟಿನ ಬಣ್ಣ ತಿರುಗುತ್ತದೆ. ತಿರುಗಿರಲಿಲ್ಲ.

"ಕಣ್ಬುಟ್ ನೋಡ್ಲಾ. ಎಲ್ಲೈತೆ ನೀರು?"

"ಅಷ್ಟ್ ದೊಡ್ ಕಂಪ್ನಿಯೋರು ಹೇಳವ್ರೆ. ನೀನು ಕೋಲ್ ತೋರುಸ್ತೀಯಾ ನಂಗೆ?"

ಮಾಮ ಕೋಲು ಒರೆಸಿ ಒಳಗೆ ಹೋದರು. ಟ್ರ್ಯಾಕ್ಟರಿನವನು ಹಾಕಿಸಿಕೊಳ್ಳದೆ ಮುಂದಕ್ಕೆ ಹೊರಟ.

ಒಂದು ವಾರದಲ್ಲಿ ಊರಿಗೆಲ್ಲ ಗೊತ್ತಾಯಿತು. ನಮ್ಮೂರ ಡೇರಿಯ ಮುಂದೆ ಹಾಲು ಹಾಕಲು ನಿಂತವರ ಬಾಯಲ್ಲೂ ಅದೇ. "ಆ ಬಂಕ್‌ಗೆ ಹೋಗ್ಬೇಡಿ ಕಣ್ರಪ್ಪಾ, ಸ್ನೇಹಿತುನ್ಗೇ ಬುಟ್ಟಿಲ್ಲ." ಮಾಮನ ಬಂಕು ದೊಡ್ಡದಲ್ಲ. ನಂಬಿಕೆಯ ಮೇಲೆ ಬರುವ ಹತ್ತಾರು ಊರಿನವರಿಂದ ನಡೆಯುವಂಥದ್ದು. ಅದನ್ನು ಅಲ್ಲಾಡಿಸಿದ್ದು ಅಪ್ಪನ ಬಾಯಿ, ಆ ಬಾಯಿಗೆ ಮಾತು ಕೊಟ್ಟದ್ದು ಷೋರೂಮು.

ಆಗಲಾದರೂ ಅಳೆಯಬೇಕು ಅನ್ನಿಸಿತು. ನಾವು ಕೊನೆಯ ಸಲ ಡೀಸೆಲ್ ಹಾಕಿಸಿದ ದಿನ ಮತ್ತು ಅದರ ಮಾರನೇ ದಿನ ಅಲ್ಲೇ ಹಾಕಿಸಿದವರು ಯಾರ್ಯಾರು ಎಂದು ವಿಚಾರಿಸಿಕೊಂಡು ಹೋದೆ. ಹದಿನಾಲ್ಕು ಗಾಡಿ ಸಿಕ್ಕವು. ಹಾಲಿನ ಗಾಡಿ, ಶಾಲೆಯ ವ್ಯಾನು, ಐದು ಟ್ರ್ಯಾಕ್ಟರು, ಮಿಕ್ಕವು ಕಾರು ಮತ್ತು ಟೆಂಪೋ. ಹದಿನಾಲ್ಕರಲ್ಲಿ ಒಂದೂ ಕೆಟ್ಟಿರಲಿಲ್ಲ. ಶಾಲೆ ವ್ಯಾನಿನ ಡ್ರೈವರು ನನ್ನನ್ನು ನೋಡಿ ನಕ್ಕ. "ಕೆಟ್ಟೋಗ್ಲಿ ಅಂತ ನಾನೂ ಕಾಯ್ತಾವ್ನಿ ಕಣಕ್ಕ, ಎರಡ್ ದಿನ ರಜ ಸಿಕ್ತದೆ. ಕೆಡ್ತಾನೇ ಇಲ್ಲ."

ಶನಿವಾರ ಅಪ್ಪನನ್ನು ಕರೆದುಕೊಂಡು ಮತ್ತೆ ಷೋರೂಮಿಗೆ ಹೋದೆ. ಬಾಟಲಿಯಲ್ಲಿದ್ದದ್ದು ಎಲ್ಲಿಯದು ಎಂದು ಅಡ್ವೈಸರನ್ನು ಕೇಳಿದೆ. ಅವನು ಅಪ್ಪನ ಮುಖ ನೋಡಿಕೊಂಡೇ ಉತ್ತರ ಕೊಟ್ಟ. ನಾನು ಕೇಳಿದ ಪ್ರತಿಯೊಂದಕ್ಕೂ ಅಪ್ಪನಿಗೇ ಉತ್ತರ.

"ಸಿಸ್ಟಮ್‌ನಿಂದ ತೆಗೆದದ್ದು ಸರ್."

"ಟ್ಯಾಂಕಿನಿಂದಲಾ, ಫಿಲ್ಟರಿನಿಂದಲಾ?"

"ಫಿಲ್ಟರ್ ಕೆಳಗಡೆಯಿಂದ ಸರ್. ಎಲ್ಲಾ ಒಂದೇ."

ಒಂದೇ ಅಲ್ಲ. ಡೀಸೆಲಿನಲ್ಲಿ ಸ್ವಲ್ಪಸ್ವಲ್ಪ ತೇವ ಇದ್ದೇ ಇರುತ್ತದೆ, ಅದು ಫಿಲ್ಟರಿನ ತಳದಲ್ಲಿ ಕೂಡಿಕೊಳ್ಳುತ್ತದೆ. ಸರ್ವಿಸಿನಲ್ಲಿ ಅದನ್ನು ಬಸಿಯಬೇಕು, ಹೊತ್ತಿಗೆ ಸರಿಯಾಗಿ ಫಿಲ್ಟರ್ ಬದಲಿಸಬೇಕು, ಇಲ್ಲದಿದ್ದರೆ ಆ ನೀರು ಇಂಜೆಕ್ಟರಿಗೆ ಹೋಗುತ್ತದೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೇ ಇದೆ. ಟ್ಯಾಂಕಿನಿಂದ ನನ್ನ ಎದುರಿಗೇ ಒಂದು ಲೋಟ ತೆಗೆಸಿ ಎಂದೆ. ಅರ್ಧ ಗಂಟೆ ಗೊಣಗಿ ತೆಗೆಸಿದರು. ತಿಳಿಯಾಗಿತ್ತು, ಲೋಟದ ತಳ ಕಾಣುತ್ತಿತ್ತು.

"ಹಾಗಾದರೆ ಫಿಲ್ಟರ್ ಹಳೆಯದಾಗಿರಬೇಕು," ಎಂದೆ.

"ಡಿಸೆಂಬರ್ ಸರ್ವಿಸಲ್ಲಿ ಹೊಸದು ಹಾಕಿದೀವಿ ಸರ್. ಬಿಲ್ಲಲ್ಲೇ ಇದೆ ನೋಡಿ."

ಬಿಲ್ಲಿನಲ್ಲಿ ಇದ್ದದ್ದು ನಿಜ. ಬಿಚ್ಚಿದ ಫಿಲ್ಟರ್ ತೋರಿಸಿ ಎಂದೆ. ಮೆಕ್ಯಾನಿಕ್ ತಗಡಿನ ತಟ್ಟೆಯಲ್ಲಿ ತಂದಿಟ್ಟ. ಅಂಗೈಯಷ್ಟು ದಪ್ಪದ ಕಪ್ಪು ಡಬ್ಬಿ. ಅದರ ಮೈಮೇಲೆ ಧೂಳಿನ ಕೆಳಗೆ ಅಡ್ಡಲಾಗಿ ಮೂರು ಬಿಳಿ ಗೆರೆ, ನಡುವೆ ಕಂದಿದ ಕುಂಕುಮ.

ಆಯುಧಪೂಜೆಯ ದಿನ ಅಮ್ಮ ಕಾರಿನ ಬಾನೆಟ್ ಎತ್ತಿಸುತ್ತಾರೆ. ಹೊರಗೆ ಹಾರ ಹಾಕಿದರೆ ಸಾಲದು, ದುಡಿಯುವುದು ಒಳಗಿರುವುದಲ್ಲವೇ ಎಂಬುದು ಅವರ ಮಾತು. ವಿಭೂತಿಯನ್ನು ನೀರಲ್ಲಿ ಕಲಸಿ ಬ್ಯಾಟರಿಗೆ, ಎಂಜಿನ್ ಮುಚ್ಚಳಕ್ಕೆ, ಕೈಗೆ ಎಟುಕುವ ಪ್ರತಿಯೊಂದು ಡಬ್ಬಿಗೂ ಮೂರು ಬೆರಳಲ್ಲಿ ಎಳೆಯುತ್ತಾರೆ. ಹುಳದ ಮನೆಯ ಸ್ಪ್ರೇಯರಿಗೂ ಅದೇ ಕೈ, ಹಾಲಿನ ಕ್ಯಾನಿಗೂ ಅದೇ ಕೈ. ಆ ಗೆರೆಗಳ ಅಗಲ ನನಗೆ ಹುಟ್ಟಿದಾಗಿನಿಂದ ಗೊತ್ತು.

ಆಯುಧಪೂಜೆ ಅಕ್ಟೋಬರಿನಲ್ಲಿ. ಹೊಸ ಫಿಲ್ಟರ್ ಡಿಸೆಂಬರಿನಲ್ಲಿ.

"ಇದು ನಮ್ಮಮ್ಮ ಇಟ್ಟಿದ್ದು," ಎಂದೆ. ಅಡ್ವೈಸರ್ ಮೊದಲ ಸಲ ನನ್ನ ಕಡೆ ತಿರುಗಿದ.

"ಮೇಡಂ, ಮನೇಲಿ ಆಮೇಲೂ ಯಾವಾಗಾದ್ರೂ ಪೂಜೆ ಮಾಡಿರಬಹುದಲ್ವಾ? ಸಂಕ್ರಾಂತಿಗೆ, ಅಮಾವಾಸ್ಯೆಗೆ..."

ಅಪ್ಪನಿಗೆ ಅಲ್ಲಿಯವರೆಗೆ ಬಾರದ ಸಿಟ್ಟು ಆಗ ಬಂತು. "ಲೇ, ಅಮಾಸೆ ಅಮಾಸೆಗೂ ಬಾನೆಟ್ ಎತ್ತಿ ವಿಭೂತಿ ಬಳ್ಯಕ್ಕೆ ಅದೇನ್ ಕಾರೋ ಗುಡಿಯೋ?"

ನನ್ನ ಫೋನಿನಲ್ಲಿ ಪೂಜೆಯ ದಿನದ ಫೋಟೋಗಳು ಒಂಬತ್ತು ಇದ್ದವು. ಅದರಲ್ಲೊಂದರಲ್ಲಿ ಅಮ್ಮನ ಕೈ, ಕೈಯ ಪಕ್ಕದಲ್ಲೇ ಈ ಡಬ್ಬಿ. ದೊಡ್ಡದು ಮಾಡಿದರೆ ಡಬ್ಬಿಯ ಮೇಲೆ ಒತ್ತಿದ ಬ್ಯಾಚ್ ನಂಬರ್ ಓದಲು ಬರುತ್ತಿತ್ತು. ತಟ್ಟೆಯಲ್ಲಿದ್ದುದರ ನಂಬರೂ ಅದೇ. ಮೆಕ್ಯಾನಿಕ್ ಎರಡನ್ನೂ ನೋಡಿ, ಕೈ ಒರೆಸಿಕೊಳ್ಳುತ್ತ ಹೊರಗೆ ಹೋದ.

ಮ್ಯಾನೇಜರ್ ಬಂದ. ಕಾಫಿ ತರಿಸಿದ. ಫಿಲ್ಟರಿನ ಬಗ್ಗೆ ಅವನು ಒಂದು ಅಕ್ಷರವೂ ಮಾತಾಡಲಿಲ್ಲ. "ನೀವು ಹಳೇ ಕಸ್ಟಮರ್ರು ಸರ್. ನಿಮಗೋಸ್ಕರ ಸ್ಪೆಷಲ್ಲಾಗಿ ಕಂಪನಿ ಜೊತೆ ಮಾತಾಡಿ ಎಲ್ಲಾ ಫ್ರೀಯಾಗಿ ಮಾಡಿಸಿಕೊಡ್ತೀನಿ." ಕದ್ದವನು ಕದ್ದ ಮಾಲನ್ನು ಬಾಗಿನ ಕೊಡುವಂತಿತ್ತು ಅವನ ನಗು. ಆ ಕಾಫಿಯನ್ನು ನಾನು ಮುಟ್ಟಲಿಲ್ಲ. ಅಪ್ಪ ಕುಡಿದರು.

ಸಹಿಗೆ ಕೊಟ್ಟ ರಿಪೇರಿಯ ಜಾಬ್ ಕಾರ್ಡಿನಲ್ಲಿ ಕಾರಣದ ಜಾಗದಲ್ಲಿ ಮತ್ತೆ ಕಲಬೆರಕೆ ಇಂಧನ ಎಂದೇ ಇತ್ತು.

"ಈ ಸಾಲು ತೆಗೀರಿ," ಎಂದೆ.

ಅಪ್ಪ ನನ್ನ ತೋಳು ಹಿಡಿದರು. "ಮಾಡ್ಕೊಡ್ತಾವ್ರಲ್ಲ, ಬುಡು ಮಗಾ. ಹುಳ ಪೊರೆ ಬುಡಕ್ಕೆ ನಾಲ್ಕನೇ ಜ್ವರಕ್ಕೆ ಕೂತವೆ, ಎದ್ರೆ ಸೊಪ್ಪು ಸಾಲ್ದು. ನಡಿ ಹೋಗವ."

"ಈ ಸಾಲು ಇದ್ದರೆ ಮಾಮ ಕಳ್ಳ ಅಂತ ನೀವೇ ಸಹಿ ಹಾಕಿದ ಹಾಗೆ ಅಪ್ಪ."

ಅಪ್ಪ ಪೆನ್ನು ಕೆಳಗಿಟ್ಟರು. ಮುಕ್ಕಾಲು ಗಂಟೆ ಕೂತೆವು. ಹಳೆಯ ಫಿಲ್ಟರನ್ನೇ ಬಿಟ್ಟಿದ್ದೆವು ಎಂದು ಬರೆಯಿರಿ ಎಂದರೆ ಆಗುವುದಿಲ್ಲ ಎಂದರು. ಕೊನೆಗೆ ಹೊಸ ಕಾರ್ಡು ಬಂತು. ಕಾರಣ ಖಚಿತವಾಗಿಲ್ಲ ಎಂದಿತ್ತು. ಅಷ್ಟು ಜನರ ಕಣ್ಣೆದುರು ತಟ್ಟೆಯಲ್ಲಿ ಕೂತಿದ್ದ ಕಾರಣ ಅವರಿಗೆ ಖಚಿತವಾಗಿರಲಿಲ್ಲ. ಅಪ್ಪ ಸಹಿ ಹಾಕಿದರು. ಫಿಲ್ಟರ್ ಕೊಡಿ ಎಂದೆ, ಕೊಡಲಿಲ್ಲ. ಎಲ್ಲ ಕಡೆಯಿಂದ ಫೋಟೋ ತೆಗೆದುಕೊಂಡೆ.

ನೇರ ಬಂಕಿಗೆ ಹೋದೆವು. ಮಾಮ ಕಟ್ಟೆಯ ಮೇಲೆ ಕೂತಿದ್ದರು, ಎದುರಿಗೆ ಒಂದೂ ಗಾಡಿ ಇರಲಿಲ್ಲ. ಅಪ್ಪ ಫೋಟೋ ತೋರಿಸಿ ಎಲ್ಲ ಹೇಳಿದರು. ಕೊನೆಗೆ, "ತಪ್ಪಾಯ್ತು ಕಣ್ಲಾ," ಎಂದರು.

ಮಾಮ ಫೋನು ವಾಪಸು ಕೊಟ್ಟರು. "ನೀನು ಅಂದಾಗ ಇಲ್ಲಿ ಎಂಟ್ ಜನ ನಿಂತಿದ್ರು. ಈಗ ನಿನ್ ಮಗ್ಳು ಒಬ್ಳವ್ಳೆ. ಆ ಎಂಟ್ ಜನುಕ್ಕೆ ಹೇಳ್ಬುಟ್ ಬಾ, ಆಮೇಲ್ ಟೀ ಕುಡ್ಯವ."

ಆ ಎಂಟು ಜನರ ಪಟ್ಟಿ ನಾನೇ ಮಾಡಿದೆ. ಅಪ್ಪ ನಾಲ್ಕು ಸಂಜೆ ಮನೆಮನೆಗೆ ಹೋದರು, ನಾನು ಜೊತೆಗಿದ್ದೆ. ಆರು ಜನ ಸಿಕ್ಕರು. ಎಲ್ಲರೂ ಷೋರೂಮಿನವರನ್ನು ಬೈದರು, ನೀರು ಕೊಟ್ಟರು. ಆರನೆಯವನು ಟ್ರ್ಯಾಕ್ಟರಿನವನು.

"ಅದಾ? ಅವತ್ತೇ ಅಂದ್ಕಂಡೆ ಕಣಣ್ಣೋ, ಆ ವಯ್ಯ ಅಂಥೋನಲ್ಲ ಅಂತ."

"ಹಂಗಾರೆ ಇನ್ಮೇಲ್ ಅಲ್ಲೇ ಹಾಕುಸ್ತೀಯಲ್ಲ?" ಎಂದು ಅಪ್ಪ ಕೇಳಿದರು.

"ನೋಡವ," ಎಂದ ಅವನು. "ಈಗ ರಾಮನಗರದಲ್ಲೇ ಹಾಕುಸ್ಕತೀವ್ನಿ, ಅಭ್ಯಾಸ ಆಗೋಯ್ತು. ಎಲ್ರೂ ಅಲ್ಗೇ ಓಯ್ತಾರಲ್ಲ."

ಅಪ್ಪ ನೀರಿನ ಲೋಟ ಕೆಳಗಿಟ್ಟು ಎದ್ದರು. ಮಾಮನ ಬಂಕಿನ ಟೀ ಇನ್ನೂ ಕುಡಿದಿಲ್ಲ, ಏಕೆಂದರೆ ಇಬ್ಬರು ಬಾಕಿ ಇದ್ದಾರೆ.